ಲಂಡನ್‌ನಲ್ಲಿ ಆಸ್ಟ್ರೇಲಿಯಾ ಹುಡುಕಿಕೊಂಡು ಒಂದು ನಡಿಗೆ

ಲಂಡನ್‌ಗೆ ಬರುವ ನೆಂಟರು, ಗೆಳೆಯರಿಗೆ ನಾನೇ ಊರು ಸುತ್ತಿಸುತ್ತೇನೆ. ಮೆಲ್ಬರ್ನ್‌ನಲ್ಲಿ ನೆಲೆಸಿರುವ ಕೆಲವು ಕನ್ನಡದವರು ಬರುತ್ತೇವೆ ಅಂದಾಗ, ಅವರ ಊರಿಗೆ ನಂಟಿರುವ ಜಾಗಗಳನ್ನೇ ಸೇರಿಸಿ ಒಂದು ದಾರಿ ಮಾಡಿದೆ. ಇಂಥ ನಡಿಗೆ ಅಂದರೆ ಆಸ್ಟ್ರೇಲಿಯಾ ಹೌಸ್‌ನಿಂದ ಶುರು ಮಾಡೋಣ ಅನಿಸುತ್ತದೆ, ಅಲ್ವಾ? ನಾನು ಅದನ್ನು ಕೊನೆಗೆ ಇಟ್ಟೆ. ಮೊದಲು ಕೈದಿಗಳ ಜಾಗ, ಆಮೇಲೆ ಅರಮನೆಯಂಥ ಕಟ್ಟಡ.

ಪಿಮ್ಲಿಕೊ ಸ್ಟೇಷನ್‌ನಲ್ಲಿ ಇಳಿದು ಥೇಮ್ಸ್ ದಡಕ್ಕೆ ಬಂದರೆ ಗಿಡ್ಡ, ದಪ್ಪ ಕಲ್ಲಿನ ಕಂಬವೊಂದಿದೆ. 1816ರಲ್ಲಿ ತೆರೆದ ಮಿಲ್‌ಬ್ಯಾಂಕ್ ಜೈಲು ಇಲ್ಲೇ ಇತ್ತು, ಗಡೀಪಾರಾದವರು 1867ರವರೆಗೆ ಇಲ್ಲಿನ ಮೆಟ್ಟಿಲಿಳಿದು ಆಸ್ಟ್ರೇಲಿಯಾಕ್ಕೆ ಹೊರಡುತ್ತಿದ್ದರು ಅಂತ ಅದರ ಮೇಲೆ ಬರೆದಿದೆ. ಜೈಲಿನ ಜಾಗದಲ್ಲಿ ಈಗ ಟೇಟ್ ಬ್ರಿಟನ್ ಗ್ಯಾಲರಿ. 1788ರಿಂದ 1868ರವರೆಗೆ ಎಲ್ಲ ಕಡೆಯಿಂದ ಸೇರಿ ಹೀಗೆ ಆಸ್ಟ್ರೇಲಿಯಾಕ್ಕೆ ಗಡೀಪಾರಾಗಿ ಹೋದವರು ಸುಮಾರು 1,62,000 ಜನ, ಅವರಲ್ಲಿ ಸಣ್ಣಪುಟ್ಟ ಕಳ್ಳತನದವರೇ ಜಾಸ್ತಿ. ಹೇಳುವುದನ್ನೆಲ್ಲ ಇಲ್ಲೇ ಹೇಳಿ ಮುಗಿಸಿ. ಲ್ಯಾಂಬೆತ್ ಸೇತುವೆ ಮೇಲೆ ಗಾಳಿ, ಬಸ್ಸಿನ ಸದ್ದಿಗೆ ಏನೂ ಕೇಳುವುದಿಲ್ಲ.

ಸೇತುವೆ ದಾಟಿದರೆ ಹಳೆಯ ಚರ್ಚ್, ಈಗ ಅದು ಗಾರ್ಡನ್ ಮ್ಯೂಸಿಯಂ. ಅಲ್ಲಿ ಬ್ರಿಟಿಷ್ ನೌಕಾಪಡೆಯ ಕಪ್ತಾನ ವಿಲಿಯಂ ಬ್ಲೈ ಸಮಾಧಿ ಇದೆ. 1789ರಲ್ಲಿ ಬೌಂಟಿ ಹಡಗಿನವರು ತಿರುಗಿಬಿದ್ದದ್ದು ಇವನ ಮೇಲೇ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ಗೆ ಗವರ್ನರ್ ಆಗಿ ಹೋದರೆ 1808ರಲ್ಲಿ ಅಲ್ಲಿನ ಸೈನಿಕರೂ ಕೆಳಗಿಳಿಸಿದರು! ಬೌಂಟಿ ಹೊರಟಿದ್ದು ತಹೀಟಿಯಿಂದ ವೆಸ್ಟ್ ಇಂಡೀಸ್‌ಗೆ ಜೀಗುಜ್ಜೆ (ಬ್ರೆಡ್‌ಫ್ರೂಟ್) ಗಿಡ ಸಾಗಿಸಲು. ಸಮಾಧಿಯ ತುದಿಯಲ್ಲಿರುವುದು ಜೀಗುಜ್ಜೆ ಅಂತ ಕೆಲವರು, ಇಲ್ಲ ಬೆಂಕಿ ಅಂತ ಇನ್ನು ಕೆಲವರು. ಮಂಗಳೂರು ಕಡೆಯವರು ಜೊತೆಗಿದ್ದರೆ ಮಾತು ಜೀಗುಜ್ಜೆ ಪೋಡಿಗೆ ಹೋಗಿ ಅಲ್ಲೇ ಹೊತ್ತು ಕಳೆಯುತ್ತದೆ, ಕಳೆಯಲಿ ಬಿಡಿ.

ಅಲ್ಲಿಂದ ವಾಟರ್‌ಲೂ ಸೇತುವೆ ಮೇಲೆ ಹಾದು ಸ್ಟ್ರಾಂಡ್‌ಗೆ ಅರ್ಧ ಗಂಟೆ ನಡಿಗೆ. ಆಸ್ಟ್ರೇಲಿಯಾ ಹೌಸ್ ಅನ್ನು 1918ರಲ್ಲಿ ಐದನೇ ಜಾರ್ಜ್ ತೆರೆದ. ಅದು ಹೈಕಮಿಷನ್ ಕಚೇರಿ, ಸುಮ್ನೆ ಒಳಗೆ ಬಿಡುವುದಿಲ್ಲ. ಬಾಗಿಲ ಮೇಲಕ್ಕೆ ನೋಡಿ: ಸೂರ್ಯನ ಕುದುರೆಗಳು. ಮಾಡಿದವನು ಮೆಲ್ಬರ್ನ್‌ನಲ್ಲಿ ಹುಟ್ಟಿದ ಶಿಲ್ಪಿ ಬರ್ಟ್ರಂ ಮೆಕೆನಲ್. ನಮ್ಮ ಅಜ್ಜಂದಿರ ಬೆಳ್ಳಿ ರೂಪಾಯಿಯಲ್ಲಿದ್ದ ಐದನೇ ಜಾರ್ಜ್‌ನ ಮುಖವೂ ಇವನದೇ ಕೆಲಸ. 1911ರ ನಾಣ್ಯದಲ್ಲಿ ರಾಜನ ನಿಲುವಂಗಿ ಮೇಲಿನ ಆನೆ ಹಂದಿಯ ಹಾಗೆ ಕಾಣುತ್ತದೆ ಅಂತ ಗಲಾಟೆಯಾಗಿ ಅದನ್ನು ತಿದ್ದಬೇಕಾಯಿತು. ಈ ಕಥೆಗೆ ಎಲ್ಲರೂ ಆ ರೂಪಾಯಿ ತೋರಿಸಿ ಅನ್ನುತ್ತಾರೆ. ಬಿಸಿಲಲ್ಲಿ ಮೊಬೈಲಿನಲ್ಲಿ ಆನೆಯೂ ಕಾಣುವುದಿಲ್ಲ, ಹಂದಿಯೂ ಕಾಣುವುದಿಲ್ಲ. ಅದಕ್ಕೆ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಚೀಲದಲ್ಲಿ ಇಟ್ಟುಕೊಂಡಿರುತ್ತೇನೆ.