ಫ್ರಾನ್ಸಿನ ಶಾಲೆಯಲ್ಲಿ ಇಂಗ್ಲಿಷ್ ಭಾಷಾ ಸಹಾಯಕಿಯಾಗಿ: ನನ್ನ ಅನುಭವ

ಬೆಂಗಳೂರಿನಲ್ಲಿ ಫ್ರೆಂಚ್ ಕಲಿಯುತ್ತಿದ್ದಾಗ, ಫ್ರಾನ್ಸಿನ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಭಾಷಾ ಸಹಾಯಕರಾಗಿ ಕೆಲಸ ಮಾಡಲು ಭಾರತೀಯರಿಗೂ ಅವಕಾಶವಿದೆಯೆಂದು ತಿಳಿದು ಅರ್ಜಿ ಹಾಕಿದೆ. ಅಕ್ಟೋಬರ್ 1ರಿಂದ ಏಪ್ರಿಲ್ 30ರವರೆಗೆ 7 ತಿಂಗಳ ಕರಾರು, ವಾರಕ್ಕೆ 12 ಗಂಟೆ ಕೆಲಸ, ಕಡಿತಗಳೆಲ್ಲ ಕಳೆದು ತಿಂಗಳಿಗೆ ಸುಮಾರು 800 ಯೂರೋ ಸಂಬಳ. ಅಷ್ಟರಲ್ಲಿ ಪ್ಯಾರಿಸ್‌ನಲ್ಲಿ ಬಾಡಿಗೆ ಕೊಟ್ಟು ಬದುಕುವುದು ಕಷ್ಟವಾದ್ದರಿಂದ, ಕ್ಲೆರ್ಮೋಂ-ಫೆರಾಂ ಶಿಕ್ಷಣ ವಿಭಾಗಕ್ಕೆ ಸೇರಿದ ಓರಿಯಾಕ್ ಎಂಬ ಗುಡ್ಡಗಾಡಿನ ಸಣ್ಣ ಊರು ಸಿಕ್ಕಿದ್ದು ನನಗೆ ಅನುಕೂಲವೇ ಆಯಿತು.

ಪಾಠಕ್ಕಿಂತ ಹೆಚ್ಚು ಸಿದ್ಧತೆ ಬೇಕಾದದ್ದು ಕಾಗದಪತ್ರಗಳಿಗೆ. ಸಂಬಳ ಜಮೆಯಾಗಲು ಅಲ್ಲಿನ ಬ್ಯಾಂಕ್ ಖಾತೆ ಬೇಕು, ಖಾತೆ ತೆರೆಯಲು ವಿಳಾಸದ ಪುರಾವೆ ಬೇಕು, ಆದರೆ ಮನೆ ಕೊಡುವವರು ಮೊದಲು ಕೇಳುವುದೇ ಬ್ಯಾಂಕ್ ವಿವರ. ಶಾಲೆಯ ಹಾಸ್ಟೆಲ್‌ನಲ್ಲಿ ನನಗೊಂದು ಕೋಣೆ ಕೊಟ್ಟು, ನಾನು ಅಲ್ಲಿ ವಾಸವಿದ್ದೇನೆಂದು ಮುಖ್ಯಸ್ಥರು ಸಹಿ ಮಾಡಿದ ಒಂದು ಪುಟದ ಪತ್ರ ಈ ಗಂಟನ್ನು ಬಿಡಿಸಿತು. ಹೀಗಾಗಿ ಶಾಲೆಯ ಹೆಸರು ತಿಳಿದ ದಿನವೇ ಅಲ್ಲಿನ ಇಂಗ್ಲಿಷ್ ಅಧ್ಯಾಪಕರಿಗೆ ಪತ್ರ ಬರೆದು ವಸತಿಯ ಬಗ್ಗೆ ವಿಚಾರಿಸುವುದು ಒಳ್ಳೆಯದು. ಆರೋಗ್ಯ ವಿಮೆಯ ನೋಂದಣಿಗೆ ತಂದೆತಾಯಿಯ ಹೆಸರಿರುವ ಜನನ ಪ್ರಮಾಣಪತ್ರವೂ ಅದರ ಫ್ರೆಂಚ್ ಅನುವಾದವೂ ಬೇಕಾಗುತ್ತವೆ. ಇವನ್ನು ಊರಿನಿಂದಲೇ ಒಯ್ಯಬೇಕು. ದೀರ್ಘಾವಧಿ ವೀಸಾವನ್ನು ಫ್ರಾನ್ಸಿಗೆ ಬಂದ 3 ತಿಂಗಳೊಳಗೆ ಆನ್‌ಲೈನ್‌ನಲ್ಲಿ ದೃಢೀಕರಿಸಿಕೊಳ್ಳುವುದು ಕಡ್ಡಾಯ.

ತರಗತಿಯಲ್ಲಿ ಅಂಕ ಕೊಡುವುದಾಗಲಿ, ವ್ಯಾಕರಣದ ಪಾಠವನ್ನು ಮುಗಿಸುವುದಾಗಲಿ ಸಹಾಯಕರ ಹೊಣೆಯಲ್ಲ. ಮಕ್ಕಳ ಬಾಯಿಂದ ಮಾತು ಹೊರಡಿಸುವುದೇ ನಮ್ಮ ಕೆಲಸ. ಅಧ್ಯಾಪಕರು ಕೆಲವೇ ವಿದ್ಯಾರ್ಥಿಗಳನ್ನು ಪಕ್ಕದ ಕೋಣೆಗೆ ಕಳಿಸುತ್ತಿದ್ದರು. ತಪ್ಪಾದೀತೆಂಬ ಹೆದರಿಕೆಯಿಂದ ಅವರು ಬಾಯಿ ಬಿಡುತ್ತಿರಲಿಲ್ಲ. ಒಮ್ಮೆ 100 ರೂಪಾಯಿಯ ನೋಟೊಂದನ್ನು ಮೇಜಿನ ಮೇಲಿಟ್ಟು, ಅದರ ಹಿಂಬದಿಯ ಪಟ್ಟಿಯಲ್ಲಿ ಎಷ್ಟು ಭಾಷೆಗಳಿವೆ, ನಾನು ಮನೆಯಲ್ಲಿ ಆಡುವುದು ಯಾವುದು ಎಂದು ಕೇಳಿದೆ. ಮಕ್ಕಳು 15 ಸಾಲುಗಳನ್ನು ಬೆರಳಿಟ್ಟು ಎಣಿಸಿದರು. ಮೇಲಿನಿಂದ ನಾಲ್ಕನೆಯದಾದ ಕನ್ನಡವನ್ನು ನಾನು ತೋರಿಸಿದಾಗ ಅದರ ಮೇಲೆ ಕಣ್ಣಿಟ್ಟು, ಮನೆಯಲ್ಲಿ ಒಂದು ಭಾಷೆ, ಅಂಗಡಿಯಲ್ಲಿ ಇನ್ನೊಂದು, ಕಚೇರಿಯಲ್ಲಿ ಮತ್ತೊಂದು ಆಡುವುದು ಹೇಗೆ ಸಾಧ್ಯವೆಂದು ಇಂಗ್ಲಿಷಿನಲ್ಲೇ ಪ್ರಶ್ನೆಗಳ ಮಳೆ ಸುರಿಸಿದರು. ಭಾರತದಿಂದ ಹೋಗುವ ಸಹಾಯಕರಿಗೆ ಇದೇ ದೊಡ್ಡ ಬಲವೆಂದು ನಾನು ನಂಬಿದ್ದೇನೆ: ಇಂಗ್ಲಿಷನ್ನು ಶಾಲೆಯಲ್ಲಿ ಕಲಿತೇ ತನ್ನದಾಗಿಸಿಕೊಂಡವರೊಬ್ಬರು ಎದುರಿಗೆ ಕುಳಿತಾಗ ಆ ಮಕ್ಕಳಿಗೂ ಧೈರ್ಯ ಬರುತ್ತದೆ.

ಆರು ವಾರಗಳಿಗೊಮ್ಮೆಯೋ ಏಳು ವಾರಗಳಿಗೊಮ್ಮೆಯೋ ಬರುವ ಎರಡು ವಾರಗಳ ರಜೆಯಲ್ಲಿ ಸಂಬಳ ಕಡಿತವಾಗುವುದಿಲ್ಲ, ಆದರೆ ಹಾಸ್ಟೆಲ್ ಮುಚ್ಚಬಹುದು. ಅಂಥ ದಿನಗಳಿಗೆ ಬೇರೆಡೆ ತಂಗುವ ಏರ್ಪಾಡನ್ನು ಮೊದಲೇ ಮಾಡಿಕೊಳ್ಳಬೇಕು. ಏಪ್ರಿಲ್ ಕೊನೆಯಲ್ಲಿ ಹೊರಡುವವರು ಅಂತಿಮ ಸಂಬಳ ಜಮೆಯಾಗುವವರೆಗೆ ಬ್ಯಾಂಕ್ ಖಾತೆಯನ್ನು ಮುಚ್ಚದೆ, ಪ್ರತಿ ತಿಂಗಳ ಸಂಬಳ ಚೀಟಿಯನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು.