ಮನೆ ಕೊಂಡು ಮಾರೋದಾ, ಬಾಡಿಗೆಗೆ ಬಿಡೋದಾ? ಲೆಕ್ಕ ಹೀಗೆ ಹಾಕಿ

ಹಳೇ ಮನೆ ಕೊಂಡು ರಿಪೇರಿ ಮಾಡಿಸಿ ಮಾರಿಬಿಡುವುದಾ? ಇಲ್ಲ, ಇಟ್ಟುಕೊಂಡು ಬಾಡಿಗೆಗೆ ಬಿಡುವುದಾ? ನಾನು ಕಂಡವರಲ್ಲಿ ಜಾಸ್ತಿ ಜನ ಎಡವಿದ್ದು ಬಾಡಿಗೆ ಲೆಕ್ಕದಲ್ಲಿ. ಹಾಗಾಗಿ ಅದನ್ನು ಕೊಂಚ ಬಿಡಿಸಿಯೇ ಹೇಳುತ್ತೇನೆ.

ಮೊದಲು ಮನೆ ನೋಡಿ. ಬಚ್ಚಲಿನ ಹಿಂದಿನ ಗೋಡೆಯ ಬುಡಕ್ಕೆ ಅಂಗೈ ಇಟ್ಟು ನೋಡಿ. ತಣ್ಣಗೆ ಹಸಿಯಾಗಿದ್ದರೆ, ಬಣ್ಣ ಗುಳ್ಳೆ ಎದ್ದಿದ್ದರೆ, ಒಳಗೆ ಪೈಪ್ ಸೋರುತ್ತಿರಬಹುದು. ಅದರ ಮೇಲೆ ವಾಟರ್‌ಪ್ರೂಫ್ ಪೇಂಟ್ ಬಳಿಯುವುದು ಬೇಡವೇ ಬೇಡ. ಸೋರಿಕೆ ನಿಲ್ಲದೆ ಬಣ್ಣ ನಿಲ್ಲುವುದಿಲ್ಲ.

ಈಗ ಬಾಡಿಗೆ. ತಿಂಗಳ ಬಾಡಿಗೆ 100, ಸಾಲದ ಕಂತು 75 ಅಂತಿಟ್ಟುಕೊಳ್ಳಿ. ತಿಂಗಳಿಗೆ 25 ಲಾಭ ಅಂತ ಖುಷಿಪಡುತ್ತೇವೆ, ಅಲ್ವಾ? ವರ್ಷಕ್ಕೆ ಬರಬೇಕಾದ್ದು 1200. ಒಬ್ಬರು ಬಿಟ್ಟುಹೋಗಿ ಇನ್ನೊಬ್ಬರು ಬರುವಷ್ಟರಲ್ಲಿ ಒಂದು ತಿಂಗಳು ಮನೆ ಖಾಲಿ. ಉಳಿದದ್ದು 1100. ತೆರಿಗೆ, ವಿಮೆಗೆ 110 ತೆಗೆಯಿರಿ. ಮೋಟರ್, ನಲ್ಲಿ, ಸುಣ್ಣಬಣ್ಣಕ್ಕೆ 120. ಕೈಯಲ್ಲಿ 870. ಕಂತು 900. ಅಂದರೆ 30 ನಿಮ್ಮ ಜೇಬಿನಿಂದಲೇ! ಈ ವರ್ಷ ಏನೂ ಕೆಡಲಿಲ್ಲ ಅಂತ ರಿಪೇರಿ ದುಡ್ಡು ಖರ್ಚು ಮಾಡಬೇಡಿ, ಬೇರೆ ಖಾತೆಯಲ್ಲಿಡಿ. ಛಾವಣಿ ಸೋರಿದರೆ ನಾಲ್ಕೈದು ವರ್ಷದ್ದು ಒಟ್ಟಿಗೇ ಬೇಕಾಗುತ್ತದೆ.

ಮಾರುವ ಲೆಕ್ಕ ಸಲೀಸು. ರಿಪೇರಿ ಆದಮೇಲೆ ಸಿಗುವ ಬೆಲೆಯ ಶೇ 70ರಲ್ಲಿ ರಿಪೇರಿ ಖರ್ಚು ಕಳೆಯಿರಿ. ಅದಕ್ಕಿಂತ ಜಾಸ್ತಿ ಕೊಟ್ಟು ಕೊಳ್ಳಬೇಡಿ. 100ಕ್ಕೆ ಮಾರುವ ಮನೆಗೆ 20 ರಿಪೇರಿ ಇದ್ದರೆ 50ಕ್ಕೇ ನಿಲ್ಲಿಸಿ. ಉಳಿದ 30 ಪೂರ್ತಿ ಲಾಭವಲ್ಲ. ಬಡ್ಡಿ, ನೋಂದಣಿ, ದಲ್ಲಾಳಿ ಕಮಿಷನ್, ತೆರಿಗೆ ಎಲ್ಲ ಅದರಲ್ಲೇ ಹೋಗಬೇಕು. ಮೇಸ್ತ್ರಿ ಮೂರು ತಿಂಗಳು ಅಂದರೆ ಐದು ತಿಂಗಳ ಬಡ್ಡಿ ಹಿಡಿಯಿರಿ. ಬೇಗ ಮಾರಿದರೆ ಲಾಭದ ಮೇಲೆ ತೆರಿಗೆ ಜಾಸ್ತಿ ಬೀಳುವ ಕಡೆಗಳೂ ಇವೆ, ಲೆಕ್ಕಪರಿಶೋಧಕರನ್ನು ಮೊದಲೇ ಕೇಳಿ.

ಕೊನೆಗೆ, ಮಾರಲೆಂದೇ ಕೊಳ್ಳುತ್ತಿದ್ದರೂ ಬಾಡಿಗೆ ಲೆಕ್ಕ ಬಿಡಬೇಡಿ. ಗಿರಾಕಿ ಆರು ತಿಂಗಳು ಬಾರದಿದ್ದರೆ ಬಾಡಿಗೆಯಿಂದ ಕಂತು ತುಂಬುತ್ತದಾ? ತುಂಬದಿದ್ದರೆ, ಬೇರೆ ಆದಾಯವೂ ಇಲ್ಲದಿದ್ದರೆ, ಆ ಮನೆಗೆ ಮುಂಗಡ ಕೊಡಬೇಡಿ. ಎರಡೂ ಲೆಕ್ಕ ಕೂಡಿಬಂದರೆ ನನ್ನ ಸಲಹೆ ಬಾಡಿಗೆಯೇ. ಆದರೆ ರಾತ್ರಿ ಹತ್ತಕ್ಕೆ ‘ನೀರು ಬರ್ತಿಲ್ಲ’ ಅಂತ ಫೋನ್ ಬಂದರೆ ಎದ್ದು ಹೋಗಲು ನೀವು ತಯಾರಿರಬೇಕು.