ಪ್ಲಗ್‌ನ ಕುತ್ತಿಗೆಯ ಮೇಲಿದ್ದ ಕಪ್ಪು ಗೆರೆ

ಎಂಜಿನ್ನಿನ ಮೇಲಿನ ಮುಚ್ಚಳದಂಥ ಹೆಡ್ ಬಿಚ್ಚಲೇಬೇಕು ಎಂದು ಮೂವರು ಹೇಳಿದ ಗಾಡಿ ಇದು. ಹೆಡ್ ಬಿಚ್ಚಲಿಲ್ಲ. ಈಗ ಹತ್ತಿರ ಹತ್ತಿರ ಹನ್ನೊಂದು ಸಾವಿರ ಕಿಲೋಮೀಟರ್ ಓಡಿದೆ, ಎಂಜಿನ್ ದೀಪ ಒಮ್ಮೆಯೂ ಹೊತ್ತಿಲ್ಲ.

ತೊಂದರೆ ಶುರುವಾದದ್ದು ಏರಿನಲ್ಲಿ. ಎಂಜಿನ್ ಕಾದ ಮೇಲೆ, ಮೇಲಿನ ಗೇರಿನಲ್ಲಿ, ಸಾವಿರದ ಐನೂರು ಆರ್‌ಪಿಎಂ ಆಸುಪಾಸಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಬಿಕ್ಕಳಿಕೆ. ನಿಂತಲ್ಲೇ ಐಡಲ್‌ನಲ್ಲಿ ಬೆಣ್ಣೆಯಷ್ಟು ನಯ. ಎಂಜಿನ್ ಕೊಟ್ಟ ದೋಷದ ಕೋಡ್ ಪಿ0302 (ಎರಡನೆಯ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ), ಜೊತೆಗೆ ಲೀನ್, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲ ಎನ್ನುವ ಪಿ0171. ಈ ಎರಡನೆಯದೇ ಎಲ್ಲರನ್ನೂ ದಾರಿ ತಪ್ಪಿಸಿತು. ಉರಿಯದೆ ಹೊರಬಿದ್ದ ಗಾಳಿಯ ಆಮ್ಲಜನಕವನ್ನು ಸೆನ್ಸರ್ ಕಂಡು ಲೀನ್ ಎನ್ನುತ್ತದೆ; ಪೆಟ್ರೋಲ್ ಕಡಿಮೆಯಾಗಿದೆ ಎಂದಲ್ಲ. ವರ್ಕ್‌ಶಾಪಿನಲ್ಲಿ ಇಂಜೆಕ್ಟರ್ ತೊಳೆದರು, ಆಕ್ಸಿಜನ್ ಸೆನ್ಸರ್ ಬದಲಿಸಿದರು. ಖರ್ಚಿನ ಲೆಕ್ಕವನ್ನು ಪ್ಲಗ್‌ಗೆ ಕಿಡಿಯ ವೋಲ್ಟೇಜ್ ಕೊಡುವ ಕಾಯಿಲ್‌ಗಳಲ್ಲೇ ಹೇಳುತ್ತೇನೆ: ಇವೆರಡರಲ್ಲಿ ನಾಲ್ಕು ಕಾಯಿಲ್‌ಗಳ ಹಣ ಹೋಯಿತು. ಬಿಕ್ಕಳಿಕೆ ಹಾಗೇ ಇತ್ತು.

ಆಮೇಲೆ ನಾನೇ ಎರಡನೆಯ ಸಿಲಿಂಡರಿಗೆ ಹೊಸ ಕಾಯಿಲ್ ಹಾಕಿದೆ. ಗುಣವಾಯಿತು. ಮೂರು ವಾರ ಎದೆಯುಬ್ಬಿಸಿಕೊಂಡು ಓಡಾಡಿದೆ. ನಾಲ್ಕನೆಯ ವಾರ ಅದೇ ಏರು, ಅದೇ ಬಿಕ್ಕಳಿಕೆ. ಅಗ್ಗದ ಮಾಲು ಕೈಕೊಟ್ಟಿತು ಎಂದುಕೊಂಡು ಅದರ ಎರಡರಷ್ಟು ಬೆಲೆಯದನ್ನು ತಂದೆ. ಅದೂ ತಿಂಗಳು ಬಾಳಲಿಲ್ಲ. ಕಾಯಿಲ್ ಮೇಲೆ ಕಾಯಿಲ್ ಸಾಯುವುದಿಲ್ಲ, ಇದು ಇಗ್ನಿಷನ್, ಅಂದರೆ ಕಿಡಿಯ ತೊಂದರೆ ಅಲ್ಲವೇ ಅಲ್ಲ ಎಂದು ಗೆಳೆಯರು ನಗಲು ಶುರುಮಾಡಿದರು.

ಮುಂದಿನ ಹೆಜ್ಜೆ ಅದಲುಬದಲು: ಎರಡನೆಯ ಸಿಲಿಂಡರಿನ ಕಾಯಿಲ್ ಮೂರಕ್ಕೆ, ಮೂರರದ್ದು ಎರಡಕ್ಕೆ. ತಪ್ಪು ಕಾಯಿಲ್‌ನದಾದರೆ ಕೋಡ್ ಮೂರಕ್ಕೆ ಹೋಗಬೇಕು, ಇಲ್ಲವಾದರೆ ಎರಡರಲ್ಲೇ ನಿಲ್ಲಬೇಕು. ನನಗೆ ಎರಡೂ ಬಂದವು. ಕಾದ ಎಂಜಿನ್ನಿನಲ್ಲಿ ಏರು ಹತ್ತಿಸಿದರೆ ಪಿ0302, ಪಿ0303 ಒಟ್ಟಿಗೆ. ಅಕ್ಕಪಕ್ಕದ ಎರಡು ಸಿಲಿಂಡರ್‌ಗಳು ಒಟ್ಟಿಗೆ ಎಂದರೆ ನಡುವೆ ಹೆಡ್ ಗ್ಯಾಸ್ಕೆಟ್ (ಹೆಡ್ಡಿನ ಕೆಳಗಿನ ಸೀಲು) ಹೋಗಿದೆ, ಹೆಡ್ ಬಿಚ್ಚಲೇಬೇಕು ಎಂದು ಆ ಮೂವರ ತೀರ್ಪು ಬಂತು. ಅಂದಾಜು ಖರ್ಚು ಹದಿನೈದು ಕಾಯಿಲ್. ಸಿಲಿಂಡರ್‌ಗಳೊಳಗಿನ ಒತ್ತಡ, ಅಂದರೆ ಕಂಪ್ರೆಷನ್ ನೋಡಿದೆ: ನಾಲ್ಕೂ ಹನ್ನೆರಡು ಬಾರ್ ಆಸುಪಾಸು, ವ್ಯತ್ಯಾಸ ಅರ್ಧ ಬಾರ್ ಕೂಡ ಇಲ್ಲ. ಗ್ಯಾಸ್ಕೆಟ್ ನಿರಪರಾಧಿ. ಅವರು ನಂಬಲಿಲ್ಲ.

ನಡುವೆ ಒಂದು ಹುಚ್ಚು ಪ್ರಯೋಗವನ್ನೂ ಮಾಡಿದೆ. ಕಾದಾಗ ಮಾತ್ರ ಕೆಡುವುದಾದರೆ ಕಾಯಿಸಿಯೇ ಅಳೆಯೋಣ ಎಂದು ಹೇರ್ ಡ್ರೈಯರ್ ಹಿಡಿದೆ. ಎರಡು ಪಿನ್ನಿನ ಕಾಯಿಲ್ ಆದ್ದರಿಂದ ಒಳಗಿನ ಸೆಕೆಂಡರಿ ಸುರುಳಿಯ ಓಮ್ ಅಳೆಯಲು ಬಂತು. ತಣ್ಣಗಿದ್ದಾಗ ಹನ್ನೊಂದು ಕಿಲೋ ಓಮ್, ಕಾದಾಗ ಹದಿಮೂರು. ಸಿಕ್ಕಿತು ಎಂದು ಕುಣಿದೆ. ಅನುಮಾನಕ್ಕೆ ಒಳ್ಳೆಯ ಕಾಯಿಲನ್ನೂ ಕಾಯಿಸಿದರೆ ಅದೂ ಹದಿಮೂರು! ತಾಮ್ರ ಕಾದರೆ ಓಮ್ ಏರುತ್ತದೆ, ಅಷ್ಟೇ. ಒಂದು ಸಂಜೆ ಹೋಯಿತು. ಕತ್ತಲಲ್ಲಿ ನೀರು ಸಿಂಪಡಿಸಿ ಕಿಡಿ ಹುಡುಕಿದ್ದೂ ದಂಡ, ಕಿಡಿ ಸೋರುತ್ತಿದ್ದದ್ದು ಪ್ಲಗ್ ಕೂರುವ, ಕಣ್ಣಿಗೆ ಕಾಣದ ಬಾವಿಯೊಳಗೆ.

ರಾತ್ರಿ ಮಲಗಿದ್ದಾಗ ಹೊಳೆಯಿತು. ಕಾಯಿಲ್ ಬದಲಿಸಿದೆ ಎನ್ನುತ್ತೇವೆ, ಆದರೆ ಅದರ ಜೊತೆ ಪ್ಲಗ್‌ನ ಕುತ್ತಿಗೆಯನ್ನು ಮುಚ್ಚುವ ರಬ್ಬರ್ ಬೂಟ್ ಕೂಡ ಹೋಗುತ್ತದೆ, ಪ್ಲಗ್ ಮಾತ್ರ ಅಲ್ಲೇ ಉಳಿಯುತ್ತದೆ. ಅರ್ಧ ರೋಗ ಮೂರಕ್ಕೆ ಹೋಗಿ ಅರ್ಧ ಎರಡರಲ್ಲೇ ಉಳಿದಿದ್ದರೆ? ಮರುದಿನ ಎಂಜಿನ್ ತಣ್ಣಗಿರುವಾಗಲೇ ಕಾಯಿಲ್, ಬೂಟ್, ಪ್ಲಗ್ ಮೂರನ್ನೂ ಮೂರು ಸಿಲಿಂಡರಿಗೆ ಹಂಚಿದೆ. ಎರಡರಲ್ಲಿ ಮೊದಲಿಂದ ಕಾಟ ಕೊಟ್ಟ ಕಾಯಿಲ್‌ನ ಮೈ ಒಂದಕ್ಕೆ, ಅದರ ಬೂಟ್ ಮೂರಕ್ಕೆ, ಎರಡರ ಪ್ಲಗ್ ನಾಲ್ಕಕ್ಕೆ; ಆಯಾ ಜಾಗದ ಒಳ್ಳೆಯವು ಎರಡಕ್ಕೆ. ಕಚ್ಚಿಕೊಂಡ ಬೂಟನ್ನು ಹರಿಯದಂತೆ ಎಳೆಯುವ ಉಪಾಯ ಒಂದಿದೆ, ಅದನ್ನು ಇಲ್ಲಿ ಬಿಟ್ಟುಕೊಡುವುದಿಲ್ಲ. ಅರ್ಧ ಗಂಟೆ ಓಡಿಸಿ ಕಾಯಿಸಿ ಅದೇ ಏರಿಗೆ ಹೋದೆ. ಒಂದು, ಎರಡು ಶುದ್ಧ. ಮೂರು, ನಾಲ್ಕು ಬಿಕ್ಕಿದವು. ಕೆಟ್ಟದ್ದು ಬೂಟ್ ಮತ್ತು ಪ್ಲಗ್; ನಾನು ಬೈದ ಕಾಯಿಲ್ ಸರಿಯಾಗಿಯೇ ಇತ್ತು!

ಪ್ಲಗ್ ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದೆ. ಎಲೆಕ್ಟ್ರೋಡ್ ತಿಳಿ ಕಂದು, ಚೆಂದ. ಅದನ್ನೇ ನೋಡಿ ಎಲ್ಲರೂ ಪ್ಲಗ್ ಚೆನ್ನಾಗಿದೆ ಎಂದಿದ್ದರು, ನಾನೂ. ತಿರುಗಿಸಿದರೆ ಮೇಲಿನ ಬಿಳಿ ಪಿಂಗಾಣಿಯ ಮೇಲೆ, ಟರ್ಮಿನಲ್‌ನಿಂದ ಲೋಹದವರೆಗೆ, ಸೀಸದ ಕಡ್ಡಿಯಲ್ಲಿ ಎಳೆದ ಹಾಗೆ ಒಂದು ಕಪ್ಪು ಗೆರೆ, ಕಿಡಿ ಹೊರಗೇ ಜಾರಿ ಸುಟ್ಟ ಗುರುತು. ಉಗುರಿನಿಂದ ಕೆರೆದರೂ ಹೋಗಲಿಲ್ಲ. ಬೂಟನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿದೆ. ಒಳಗೋಡೆಯಲ್ಲಿ ಅದಕ್ಕೆ ಜೋಡಿಯಾದ ಗೆರೆ. (ಪಿಂಗಾಣಿಯ ಬುಡದಲ್ಲಿ ಕಾಣುವ ಕಂದು ಉಂಗುರ ಬೇರೆ, ಅದು ಕೊರೋನಾ ಕಲೆ, ಹೈ ವೋಲ್ಟೇಜಿಗೆ ಗಾಳಿಯಲ್ಲಿನ ಎಣ್ಣೆಯ ಕಣಗಳು ಅಂಟಿ ಆಗುವುದು; ಅದನ್ನು ಕಂಡು ಪ್ಲಗ್ ಎಸೆಯಬೇಡಿ.) ಹೊಸ ಕಾಯಿಲ್‌ಗಳನ್ನು ನಾನು ಕೂರಿಸಿದ್ದು ಇದೇ ಗೆರೆಯ ಮೇಲೆ. ಗೆರೆ ಹೊಸ ಬೂಟನ್ನು ಮೂರು ವಾರದಲ್ಲಿ ಸುಟ್ಟು ತನ್ನ ಹಾಗೆಯೇ ಮಾಡುತ್ತಿತ್ತು.

ಪ್ಲಗ್‌ನ ತುದಿಯಲ್ಲಿ ಕಿಡಿ ದಾಟುವ ಗ್ಯಾಪ್ ಅಳೆದರೆ 1.4 ಮಿ.ಮೀ. ಹತ್ತಿರ, ಇರಬೇಕಾದದ್ದು 1.1. ಹೆಚ್ಚು ಬಾಳುವ ಇರಿಡಿಯಂ ಪ್ಲಗ್ ಎಂದು ತೊಂಬತ್ತು ಸಾವಿರ ಕಿಲೋಮೀಟರ್ ಮುಟ್ಟಿರಲಿಲ್ಲ. ಏರಿನಲ್ಲಿ ಸಿಲಿಂಡರಿನ ಒತ್ತಡ ಏರಿದಾಗ ಆ ಅಗಲದ ಗ್ಯಾಪ್ ದಾಟುವುದಕ್ಕಿಂತ ಪಿಂಗಾಣಿಯ ಮೇಲೆ ಜಾರಿ ಇಳಿಯುವುದು ಕಿಡಿಗೆ ಸುಲಭವಾಗಿತ್ತು. ಎರಡರ ಬಾವಿಯಲ್ಲಿ ಎಣ್ಣೆಯ ಪಸೆಯೂ ಇತ್ತು, ವಾಲ್ವ್ ಕವರಿನ ಸೀಲ್ ಸೋರುತ್ತಿತ್ತು.

ನಾಲ್ಕು ಪ್ಲಗ್, ನಾಲ್ಕು ಬೂಟ್, ಸೀಲು ಸೇರಿ ಎರಡು ಕಾಯಿಲ್‌ಗಳ ಹಣವೂ ಆಗಲಿಲ್ಲ. ಬಾವಿಗಳನ್ನು ಒರೆಸಿ ಒಣಗಿಸಿ, ಬೂಟಿನೊಳಗೆ ಸಿಲಿಕಾನ್ ಗ್ರೀಸ್ ಸವರಿ ಕೂರಿಸಿದೆ. ಎಷ್ಟು, ಎಲ್ಲಿಯವರೆಗೆ ಸವರಬೇಕು ಎನ್ನುವುದು ಎರಡು ಬೂಟ್ ಕೆಡಿಸಿದ ಮೇಲೆ ಗೊತ್ತಾದದ್ದು, ಅದು ನನ್ನಲ್ಲೇ ಇರಲಿ. ತಪ್ಪು ದಾರಿಗೆ ಸುರಿದದ್ದು ಒಟ್ಟು ಏಳು ಕಾಯಿಲ್. ಹೊಸದಾಗಿ ಕೊಂಡ ಎರಡೂ ಪೆಟ್ಟಿಗೆಯಲ್ಲಿವೆ, ಹೊಸ ಬೂಟ್ ಹಾಕಿ ನೋಡಿದೆ, ಚೆನ್ನಾಗಿಯೇ ಕಿಡಿ ಕೊಡುತ್ತವೆ. ಸೀಳಿದ ಬೂಟನ್ನು ಹೆಡ್ ಬಿಚ್ಚಬೇಕೆಂದವರ ಮೇಜಿನ ಮೇಲಿಟ್ಟು ಬಂದೆ. ಕಳೆದ ವಾರ ಹೋದಾಗ ಅವರು ಇನ್ನೊಂದು ಗಾಡಿಯ ಪ್ಲಗ್ ಹಿಡಿದು, ಕುತ್ತಿಗೆಯನ್ನು ಬೆಳಕಿಗೆ ತಿರುಗಿಸುತ್ತಿದ್ದರು.